ಅಲ್ಲಿಯ ಲಾಯ, ನಮ್ಮ ಹಟ್ಟಿ

2024ರ ಆಗಸ್ಟಿನ ಒಂದು ಸಂಜೆ ಮಗಳ ಫುಟ್‌ಬಾಲ್ ಪ್ರಾಕ್ಟೀಸ್ ರದ್ದಾಯಿತು. ಮಳೆ ಇರಲಿಲ್ಲ. ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ. ಊರಿನ ಒಂದು ಕುದುರೆಗೆ ಸೊಳ್ಳೆಯಿಂದ ಬರುವ ಮೆದುಳು ಜ್ವರ ತಗುಲಿತ್ತು. ಇಲ್ಲಿಯವರು ಅದನ್ನು ಟ್ರಿಪಲ್ ಇ ಅಂತಾರೆ. ಅಷ್ಟಕ್ಕೇ ಊರಿನ ಪಾರ್ಕು, ಮೈದಾನಗಳನ್ನೆಲ್ಲ ಮುಸ್ಸಂಜೆಯಿಂದ ಬೆಳಗಿನವರೆಗೆ ಮುಚ್ಚಿದರು.

ಬ್ರಹ್ಮಾವರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಒಂದು ಕುದುರೆಗೆ ಜ್ವರ ಬಂದರೆ ಮಕ್ಕಳ ಆಟ ಯಾಕೆ ಬಂದ್ ಮಾಡುದು ಮಾರಾಯ?" ಅಂದರು.

ಕೇಳಬೇಕಾದ ಪ್ರಶ್ನೆಯೇ. ಕುದುರೆಯಿಂದ ಈ ರೋಗ ನಮಗೆ ಹರಡುವುದಿಲ್ಲ. ವೈರಸ್ ಇರುವುದು ಜವುಗಿನ ಹಕ್ಕಿಗಳಲ್ಲಿ, ಆ ಹಕ್ಕಿಗಳನ್ನೇ ಕಚ್ಚುವ ಸೊಳ್ಳೆಗಳಲ್ಲಿ. ಕುದುರೆಗೆ ಬಂತು ಅಂದರೆ, ಹಕ್ಕಿಯನ್ನೂ ಬೇರೆ ಪ್ರಾಣಿಗಳನ್ನೂ ಕಚ್ಚುವ ಸೊಳ್ಳೆಗಳು ಅದನ್ನು ಜವುಗಿನಿಂದ ಹೊರಗೆ ತಂದಿವೆ ಅಂತ ಅರ್ಥ. ಮುಂದಿನ ಸರದಿ ನಮ್ಮದೂ ಆಗಬಹುದು. ಕುದುರೆಗೆ ಲಸಿಕೆ ಇದೆ, ನಮಗೆ ಇಲ್ಲ. ಕಾಯಿಲೆ ಬಿದ್ದ ಹತ್ತು ಜನರಲ್ಲಿ ಸುಮಾರು ಮೂವರು ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಸೊಳ್ಳೆ ಹಿಡಿದು ಪರೀಕ್ಷೆ ಮಾಡುತ್ತಾರೆ. ಯಾವ ಊರಿಗೆ ಎಷ್ಟು ಅಪಾಯ ಅಂತ ನಕ್ಷೆಗೆ ಬಣ್ಣ ಹಚ್ಚಿ ಎಲ್ಲರಿಗೂ ತೋರಿಸುತ್ತಾರೆ.

ನಮ್ಮೂರಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಮಂಗಳೂರಿನಲ್ಲಿ ಟಾರ್ಚ್ ಹಿಡಿದು ಕಟ್ಟಡದ ನಾಲ್ಕನೇ ಮಹಡಿವರೆಗೆ ಹತ್ತಿ, ನಿಂತ ನೀರು ಚೆಲ್ಲಿಸಿ, ಜ್ವರ ಬಂದವರ ರಕ್ತ ತೆಗೆದುಕೊಂಡು ಹೋಗುವ ಮಲೇರಿಯಾ ಕೆಲಸಗಾರರಿದ್ದಾರೆ. ನಾನಿರುವ ಬೀದಿಗೆ ಅಂಥವರು ಒಮ್ಮೆಯೂ ಬಂದಿಲ್ಲ. ಮಂಗ ಸತ್ತರೆ ಹೆದರಬೇಕು ಅನ್ನುವುದೂ ನಮಗೆ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಗೊತ್ತಾದದ್ದೇ ಮಂಗಗಳು ಸತ್ತು ಬಿದ್ದದ್ದರಿಂದ. ಅದು ಉಣ್ಣಿ (ಉಣುಗು) ಕಚ್ಚಿ ಬರುವ ರೋಗ, ಸೊಳ್ಳೆಯದಲ್ಲ. ಆದರೆ ಪ್ರಾಣಿ ಮೊದಲು ಹೇಳುತ್ತದೆ ಅನ್ನುವ ಪಾಠ ಒಂದೇ ಅಲ್ವಾ?

ಆ ಪಾಠ ಕಾಡಿನಲ್ಲೇ ನಿಂತುಬಿಟ್ಟಿದೆ, ಹಟ್ಟಿಗೆ ಬಂದಿಲ್ಲ. ನನಗೆ ನೋವಾಗುವುದು ಇದಕ್ಕೇ.

ಉಡುಪಿಯಲ್ಲಿ ಕುದುರೆ ಎಲ್ಲಿದೆ ಅಂತ ಕೇಳಬಹುದು. ಕುದುರೆಯೇ ಬೇಕಿಲ್ಲ. ಜಪಾನೀಸ್ ಎನ್ಸೆಫಲೈಟಿಸ್ ಅನ್ನುವುದೂ ಸೊಳ್ಳೆಯಿಂದ ಬರುವ ಮೆದುಳು ಜ್ವರವೇ. ಅದರ ಸೊಳ್ಳೆ ಹುಟ್ಟುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ವೈರಸ್ ಬೆಳೆಯುವುದು ಬೆಳ್ಳಕ್ಕಿಯಲ್ಲಿ, ಹಂದಿಯಲ್ಲಿ. ಗದ್ದೆ, ಬೆಳ್ಳಕ್ಕಿ, ಹಂದಿ ಮೂರೂ ನಮ್ಮಲ್ಲಿವೆ. ಹಕ್ಕಿಯಿಂದಲೇ ಸೊಳ್ಳೆಗೆ ಬರುವ ವೆಸ್ಟ್ ನೈಲ್ ಜ್ವರ 2024ರ ಮೇ ತಿಂಗಳಲ್ಲಿ ಕೇರಳದಲ್ಲಿ ಕಾಣಿಸಿತ್ತು. ತಲಪಾಡಿ ದಾಟಿದರೆ ಕೇರಳ.

ಶಿರ್ವದ ಹತ್ತಿರ ಹಂದಿ ಸಾಕುವ ಗೆಳೆಯನೊಬ್ಬನಿದ್ದಾನೆ. ಹೋದ ಮಳೆಗಾಲ ಊರಿಗೆ ಹೋದಾಗ ಅವನ ಹಂದಿ ಮರಿ ಹಾಕಿತ್ತು. ಹತ್ತರಲ್ಲಿ ಆರು ಸತ್ತೇ ಹುಟ್ಟಿದ್ದವು. ಎರಡು ಒಣಗಿ, ಕಪ್ಪಾಗಿ, ಕೈಬೆರಳಷ್ಟೇ ಉದ್ದ ಇದ್ದವು. ಗೋಣಿಯಲ್ಲಿ ಸುತ್ತಿ ತೆಂಗಿನ ಬುಡದಲ್ಲಿ ಹೂತ. ಗಬ್ಬದ ಹಂದಿಗೆ ಜಪಾನೀಸ್ ಎನ್ಸೆಫಲೈಟಿಸ್ ಬಂದರೆ ಹೀಗೇ ಆಗುತ್ತದೆ. ಬೇರೆ ಕಾರಣಕ್ಕೂ ಆಗುತ್ತದೆ, ನಿಜ. ಯಾವುದು ಅಂತ ತಿಳಿಯಬೇಕಾದರೆ ಯಾರಾದರೂ ರಕ್ತ ತೆಗೆದು ನೋಡಬೇಕಿತ್ತು. ಅವನು ಒಂದು ಕಡೆ ಫೋನ್ ಮಾಡಿದ್ದನಂತೆ. "ಹಂದಿ ಅಲ್ವಾ, ಬಿಡಿ" ಅಂದರಂತೆ.

ಮಣಿಪಾಲದಲ್ಲಿ ವೈರಸ್ ಅಧ್ಯಯನಕ್ಕೇ ಒಂದು ಸಂಸ್ಥೆ ಇದೆ. ಶಿರ್ವದಿಂದ ಒಂದು ಗಂಟೆಯ ದಾರಿಯೂ ಅಲ್ಲ. ಹಟ್ಟಿಗೆ ಬರುವ ದನದ ಡಾಕ್ಟ್ರು, ಜ್ವರ ನೋಡುವ ಆಸ್ಪತ್ರೆ, ಈ ಲ್ಯಾಬು, ಮೂವರೂ ಪ್ರಾಣಿಗಳ ಮತ್ತು ಜನರ ಕಾಯಿಲೆಯ ಒಂದೇ ಪಟ್ಟಿ ನೋಡುವಂತಾದರೆ ಸಾಕು. ಮಳೆಗಾಲದ ನಾಲ್ಕು ತಿಂಗಳು, ಹೋಬಳಿಗೆ ಹತ್ತು ಹಂದಿಗಳ ರಕ್ತ. ಬಂದ ಫಲಿತಾಂಶವನ್ನು ಪಂಚಾಯತಿಯ ಬೋರ್ಡಿಗೆ ಅಂಟಿಸಿ, ಎಲ್ಲರೂ ಓದಲಿ.

ಗೆಳೆಯನ ಇನ್ನೊಂದು ಹಂದಿ ಈಗ ಗಬ್ಬದಲ್ಲಿದೆ. ಈ ಸಲ ಏನೇ ಆದರೂ ಹೂಳುವ ಮೊದಲು ದನದ ಡಾಕ್ಟ್ರನ್ನು ಕರೆಸು, ನಾನೂ ಅವರ ಹತ್ತಿರ ಮಾತಾಡುತ್ತೇನೆ ಅಂತ ಹೇಳಿದ್ದೇನೆ.