ಬಲಗಡೆಯ ಬಾಗಿಲು

ನಮ್ಮ ಮನೆಯ ಪಿಕಪ್ಪಿನ ಬಲಗಡೆಯ ಬಾಗಿಲು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಮೊದಲು ಹೊರಗಿನ ಹಿಡಿ ಕೈಕೊಟ್ಟಿತು. ಸಾಗರದ ಪೇಟೆಯಲ್ಲಿ ಹಿಂಡಿಯ ಚೀಲಗಳನ್ನು ಏರಿಸಿ, ಹೊರಡೋಣವೆಂದು ಹಿಡಿಯನ್ನು ಎತ್ತಿದರೆ, ಬಾವಿಯೊಳಗೆ ಕೊಡ ಕಳಚಿಬಿದ್ದ ಮೇಲೆ ಹಗ್ಗವನ್ನು ಎಳೆದಂತೆ, ಅದು ಯಾವ ಭಾರವೂ ಇಲ್ಲದೆ ಹಗುರವಾಗಿ ಮೇಲೆದ್ದು ಬಂದಿತು. ಹಗ್ಗದ ತುದಿಯಲ್ಲಿ ಕೊಡವಿಲ್ಲ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದಲ್ಲ, ಹಾಗೆ ಒಳಗೆಲ್ಲೋ ಏನೋ ಕಳಚಿದೆಯೆಂದು ನಮಗೆ ಆಗಲೇ ತಿಳಿಯಿತು. ತಿಳಿದೂ ಸುಮ್ಮನಿದ್ದೆವು, ಏಕೆಂದರೆ ಒಳಗಿನ ಹಿಡಿ ಇನ್ನೂ ನೆಟ್ಟಗಿತ್ತು. ಗಾಜನ್ನು ಅರ್ಧ ಇಳಿಸಿಟ್ಟರೆ ಹೊರಗೆ ನಿಂತೇ ತೋಳು ತೂರಿಸಿ ಒಳಹಿಡಿಯನ್ನು ಎಳೆಯಬಹುದಾಗಿತ್ತು. ಹೀಗೆ ಐದು ತಿಂಗಳು ನಡೆಯಿತು. ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಗಾಜು ಇಳಿದೇ ಇರುತ್ತಿದ್ದುದರಿಂದ ಮಳೆಗಾಲ ಶುರುವಾದಾಗ ಸೀಟು ಸದಾ ಒದ್ದೆ, ಅದರ ಮೇಲೊಂದು ಗೊಬ್ಬರದ ಚೀಲ ಹಾಸುವುದು ಪದ್ಧತಿಯಾಯಿತು.

ಆಷಾಢದ ಜಡಿಮಳೆಯಲ್ಲಿ ಒಳಗಿನ ಹಿಡಿಯೂ ಬಿಗಿದುಕೊಂಡಿತು. ಅಲ್ಲಿಂದ ಮುಂದೆ ಗಾಡಿ ಓಡಿಸುವ ನನ್ನ ತಮ್ಮ ಎಡಗಡೆಯಿಂದಲೇ ಹತ್ತಿ, ಗೇರಿನ ದಂಡವನ್ನೂ ಹ್ಯಾಂಡ್‌ಬ್ರೇಕನ್ನೂ ದಾಟಿ ತನ್ನ ಜಾಗ ಸೇರಬೇಕಾಯಿತು. ಪ್ಯಾಂಟು ತೊಟ್ಟವರಿಗೆ ಇದು ಅಷ್ಟೇನೂ ಕಷ್ಟವಲ್ಲ, ಪಂಚೆ ಉಟ್ಟವರು ಮಾತ್ರ ಒಂದು ಕೈಯಲ್ಲಿ ಮರ್ಯಾದೆಯನ್ನು ಹಿಡಿದುಕೊಂಡೇ ದಾಟಬೇಕು. ಅಮ್ಮ ಜೊತೆಗೆ ಬಂದರೆ ಹತ್ತುವಾಗ ಮೊದಲು ತಮ್ಮ, ಇಳಿಯುವಾಗ ಮೊದಲು ಅಮ್ಮ. ಮೊಣಕಾಲು ನೋವಿನ ಅವಳು ಇಳಿದು, ಚೀಲ ಇಳಿಸಿಕೊಂಡು, ಸೆರಗು ಸರಿಮಾಡಿಕೊಳ್ಳುವವರೆಗೂ ಅವನು ಒಳಗೆ ಕೈಕಟ್ಟಿ ಕುಳಿತಿರುವುದನ್ನು ನೋಡಿದವರು ಎಂಥ ವಿಧೇಯ ಮಗನೆಂದು ಮೆಚ್ಚಿದ್ದೂ ಉಂಟು. ಒಂದು ಮದುವೆಮನೆಯಲ್ಲಿ ಅವನು ಎಡಬಾಗಿಲಿನಿಂದ ಇಳಿದು ಬಂದುದನ್ನು ಕಂಡ ಯಜಮಾನರು, 'ಡ್ರೈವರ್ ಎಲ್ಲಿ ಮಾರಾಯ? ಅವರನ್ನೂ ಆಸರಿಗೆಗೆ ಕರಿ' ಎಂದು ಚಪ್ಪರದಿಂದಾಚೆ ಕೈಬೀಸಿ ಕರೆದರು.

ಇಷ್ಟಾದರೂ ನಾವು ಗ್ಯಾರೇಜಿಗೆ ಹೋದದ್ದು ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೆಂದು ಪರೀಕ್ಷಿಸಿ ಕೊಡುವ ಪ್ರಮಾಣಪತ್ರದ ದಿನ, ಹತ್ತಿರ ಬಂದಿತೆಂಬ ಒಂದೇ ಕಾರಣಕ್ಕೆ. ಸಾಗಣೆ ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಎಫ್‌ಸಿಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕು, ನಮ್ಮದಕ್ಕೆ ಒಂಬತ್ತು. ಚಾಲಕನ ಬಾಗಿಲೇ ತೆರೆಯದ ಗಾಡಿಯನ್ನು ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿ, ಎಡಗಡೆಯಿಂದ ಹತ್ತಿ ತೋರಿಸುವಷ್ಟು ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಮಿಸ್ತ್ರಿ ನಮ್ಮೂರಿನ ಕಡೆಯವನೇ ಆದ ಇಪ್ಪತ್ತೈದರ ಹುಡುಗ. ಗೋಡೆಗೆ ಒರಗಿಸಿಟ್ಟಿದ್ದ ಯಾವುದೋ ಹಳೆಯ ಬಾಗಿಲನ್ನು ತೋರಿಸಿ ಅವನು ವಿವರಿಸಿದ ಮೇಲೆಯೇ, ಒಂಬತ್ತು ವರ್ಷ ನಾವು ಎತ್ತುತ್ತಿದ್ದ ಹಿಡಿ ಏನು ಮಾಡುತ್ತಿತ್ತೆಂಬುದು ನನಗೆ ಅರ್ಥವಾಯಿತು. ಬಾಗಿಲಿನ ಅಂಚಿನಲ್ಲಿ ಒಂದು ಕೊಕ್ಕೆ ಇರುತ್ತದೆ, ಅದಕ್ಕೆ ಎದುರಾಗಿ ಗಾಡಿಯ ಕಂಬದಲ್ಲಿ ಗಟ್ಟಿಯಾದ ಒಂದು ಉಕ್ಕಿನ ಬಳೆ. ಬಾಗಿಲು ಹಾಕಿದಾಗ ಕೊಕ್ಕೆ ತಿರುಗಿ ಬಳೆಯನ್ನು ಹಿಡಿದುಕೊಳ್ಳುತ್ತದೆ, ಹಿಡಿದದ್ದು ಬಿಡದಂತೆ ಒಂದು ಚಿಕ್ಕ ನಾಲಗೆ ಅದರ ಹಲ್ಲಿಗೆ ಅಡ್ಡ ಕೂರುತ್ತದೆ. ಹಲ್ಲುಗಳು ಎರಡು: ಬಾಗಿಲು ಅರೆಬರೆ ಮುಚ್ಚಿದ್ದರೂ ತಿರುವಿನಲ್ಲಿ ತಾನಾಗಿ ಹಾರಿ ತೆರೆದು ಕುಳಿತವನನ್ನು ಹೊರಗೆ ಚೆಲ್ಲದಿರಲೆಂದು ಮೊದಲನೆಯದು, ಪೂರ್ತಿ ಬಿಗಿಯಲೆಂದು ಎರಡನೆಯದು. ಮೆಲ್ಲಗೆ ಹಾಕಿದರೆ 'ಟಕ್, ಟಕ್' ಎಂದು ಎರಡು ಸದ್ದು ಕೇಳುವುದು ಇದಕ್ಕೇ. ನಾವು ಹಿಡಿ ಎತ್ತಿದಾಗ ಒಂದು ತೆಳ್ಳನೆಯ ಸರಳು ಆ ನಾಲಗೆಯನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ. ಮಿಕ್ಕದ್ದನ್ನು ಕೊಕ್ಕೆಯ ಸ್ಪ್ರಿಂಗು ನೋಡಿಕೊಳ್ಳುತ್ತದೆ.

ಆದರೆ ಆ ಕೊಕ್ಕೆಯ ಪೆಟ್ಟಿಗೆಯನ್ನು ಬಾಗಿಲಿಗೆ ಬಿಗಿದಿರುವ ಮೂರು ಸ್ಕ್ರೂಗಳು ಇರುವುದು ಬಾಗಿಲಿನ ಅಂಚಿನಲ್ಲಿ. ಬಾಗಿಲು ತೆರೆದರೆ ಮಾತ್ರ ಅವು ಕಾಣುತ್ತವೆ, ಅವನ್ನು ಬಿಚ್ಚದೆ ಬಾಗಿಲು ರಿಪೇರಿಯಾಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ನಮ್ಮ ಗಾಡಿಯ ಹಿಂದಿನ ಹಲಗೆಗೆ ಇರುವುದು ಒಂದು ಕೊಂಡಿ ಮತ್ತು ಗೇಣುದ್ದದ ಸರಪಳಿ. ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ಮುನಿಸಿಕೊಂಡದ್ದಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಹಾಗಾಗಿ ಕೆಲಸ ಒಳಗಿನಿಂದಲೇ ಆಗಬೇಕಾಯಿತು. ಹುಡುಗ ಎಡಬಾಗಿಲಿನಿಂದ ನುಗ್ಗಿ, ಕಾಲುಗಳನ್ನು ಹೊರಗೆ ಚಾಚಿ, ಸೀಟಿನ ಮೇಲೆ ಅಂಗಾತ ಮಲಗಿಕೊಂಡ. ಬಾಗಿಲಿನ ಒಳಹೊದಿಕೆಯನ್ನು ತೆಗೆಯುವ ಮೊದಲು ಗಾಜು ಇಳಿಸುವ ತಿರುಗಣೆಯನ್ನು ಕಳಚಬೇಕು, ಆದರೆ ಅದಕ್ಕೆ ಸ್ಕ್ರೂ ಕಾಣುವುದಿಲ್ಲ. ಅವನು ಹಳೆಯ ಬನಿಯನ್ನಿನ ಒಂದು ಪಟ್ಟಿಯನ್ನು ಹರಿದು, ತಿರುಗಣೆಯ ಹಿಂದಿನ ಸಂದಿಗೆ ತೂರಿಸಿ, ಮಜ್ಜಿಗೆ ಕಡೆಯುವವರು ಹಗ್ಗ ಎಳೆದಂತೆ ಎರಡೂ ತುದಿಗಳನ್ನು ಆಚೀಚೆ ಎಳೆದ. ನಾಲ್ಕನೆಯ ಎಳೆತಕ್ಕೆ ಕುದುರೆ ಲಾಳದ ಆಕಾರದ ಒಂದು ಚಿಕ್ಕ ಕ್ಲಿಪ್ಪು 'ಟಿಣ್' ಎಂದು ಸಿಡಿದು ಎಲ್ಲಿಗೋ ಹಾರಿತು. ಮ್ಯಾಟಿನ ಕೆಳಗೆ, ಸೀಟಿನ ಸಂದಿಯಲ್ಲಿ, ಕೊನೆಗೆ ಅವನದೇ ಜೇಬಿನಲ್ಲಿ ಹುಡುಕಿದರೂ ಸಿಗಲಿಲ್ಲ. 'ಆಮೇಲೆ ನೋಡನ ಬಿಡಿ ಅಣ್ಣ' ಎಂದ.

ಹೊದಿಕೆ ಬಿಚ್ಚಿ, ಕಪ್ಪು ಅಂಟಿನಿಂದ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸುಲಿದಾಗ ಬಾಗಿಲಿನ ಹೊಟ್ಟೆ ಕಾಣಿಸಿತು. ಗಾಜಿನ ಸಂದಿಯಿಂದ ಜಾರಿಬಿದ್ದ ಎಪಿಎಂಸಿ ಚೀಟಿಗಳು, ಒಂದು ಪೆನ್ನಿನ ಮುಚ್ಚಳ, ಎರಡು ರೂಪಾಯಿಯ ಒಂದು ನಾಣ್ಯ, ಇವೆಲ್ಲವೂ ತಳದಲ್ಲಿ ನಿಂತ ಕೆಂಪು ನೀರಿನಲ್ಲಿ ನೆನೆಯುತ್ತಿದ್ದವು. ನೀರು ಬಸಿದುಹೋಗಲೆಂದು ಬಾಗಿಲಿನ ಅಡಿಯಲ್ಲಿ ತೂತುಗಳಿರುತ್ತವೆ, ಅವುಗಳಿಗೆ ಕೆಸರು ಮೆತ್ತಿಕೊಂಡಿತ್ತು. ಹೊರಹಿಡಿಯ ಸರಳು ಜೋತುಬಿದ್ದಿತ್ತು, ಅದನ್ನು ಕಚ್ಚಿ ಹಿಡಿದಿರಬೇಕಾದ, ಕಡಲೆಕಾಳಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಕ್ಲಿಪ್ಪು ಒಣಗಿ ಎರಡು ಹೋಳಾಗಿತ್ತು. ಒಳಹಿಡಿಯ ಸರಳಿನಲ್ಲಿ ತಪ್ಪಿರಲಿಲ್ಲ. ಕೊಕ್ಕೆಯ ಪೆಟ್ಟಿಗೆಯೊಳಗಿನ ಗ್ರೀಸು ನಮ್ಮ ಮಣ್ಣಿನ ಕೆಂಪು ಧೂಳನ್ನು ಸೇರಿಸಿಕೊಂಡು, ಡಬ್ಬಿಯ ತಳ ಹಿಡಿದ ಹಳೆಯ ಜೋನಿಬೆಲ್ಲದಂತೆ ಗಟ್ಟಿಯಾಗಿ ನಾಲಗೆಯನ್ನು ಹಿಡಿದುಬಿಟ್ಟಿತ್ತು.

ಅದರೊಳಗೆ ಅವನು ಡಬ್ಲ್ಯುಡಿ-40 ಸಿಂಪಡಿಸಿದ. ಇದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತುಕ್ಕು ತಡೆಯಲೆಂದು ತಯಾರಾದದ್ದು, ಮೊದಲು ಬಳಕೆಯಾದದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. ನೀರನ್ನು ಹೊರದೂಡುವ ದ್ರವವೊಂದನ್ನು ಹುಡುಕುತ್ತಿದ್ದವರಿಗೆ ನಲವತ್ತನೆಯ ಪ್ರಯತ್ನದಲ್ಲಿ ಸಿಕ್ಕಿದ್ದರಿಂದ ಹೆಸರಿನ ಕೊನೆಗೆ 40 ಬಂತು. ಕ್ಷಿಪಣಿಗೆ ಬಳಿದದ್ದು ಈಗ ಹಿಂಡಿ ಹೊರುವ ಗಾಡಿಯ ಬಾಗಿಲಿಗೆ ಬಂದಿತಲ್ಲ ಎಂದು ನಾನು ಹೇಳಿದಾಗ ಹುಡುಗ ನಗಲಿಲ್ಲ. 'ಇದು ಬಿಡಿಸ್ತದೆ ಅಷ್ಟೇ ಅಣ್ಣ, ಆಮೇಲೆ ಗ್ರೀಸ್ ಹಾಕ್ದೆ ಇದ್ರೆ ಮತ್ತೆ ಹಿಡ್ಕಳ್ತದೆ' ಎಂದು ಚಹಾ ಕುಡಿಯಲು ಹೋದ.

ಚಹಾ ಮುಗಿದ ಮೇಲೆ ನನಗೊಂದು ಕೆಲಸ ಸಿಕ್ಕಿತು. ಹೊರಗೆ ನಿಂತು ಬಾಗಿಲನ್ನು ಭುಜದಿಂದ ಒಳಕ್ಕೆ ಒತ್ತಬೇಕು. ತೆರೆಯಬೇಕಾದ ಬಾಗಿಲನ್ನು ಒಳಕ್ಕೆ ಒತ್ತುವುದೇ ಎಂದು ತಮ್ಮ ಅನುಮಾನಿಸಿದ, ನನಗೆ ಮಾತ್ರ ಅಪ್ಪನ ನೆನಪಾಯಿತು. ಮಳೆಗಾಲದಲ್ಲಿ ಉಬ್ಬಿದ ಹಲಸಿನ ಮರದ ಬಾಗಿಲಿನ ಅಗುಳಿ ಬಿಗಿದಾಗ ಅಪ್ಪ ಎಂದೂ ಅಗುಳಿಯೊಂದಿಗೆ ಗುದ್ದಾಡುತ್ತಿರಲಿಲ್ಲ. ಬಾಗಿಲನ್ನು ಮಂಡಿಯಿಂದ ಒಂದಿಷ್ಟು ಒತ್ತಿ, ಭಾರ ಕಳೆದ ಅಗುಳಿಯನ್ನು ಎರಡು ಬೆರಳಲ್ಲಿ ಸರಿಸುತ್ತಿದ್ದ. ಇಲ್ಲಿಯೂ ಸುತ್ತಲಿನ ರಬ್ಬರು ಬಾಗಿಲನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ, ಆ ನೂಕಾಟವೆಲ್ಲ ಬಂದು ಕೂರುವುದು ಕೊಕ್ಕೆಯ ಮೇಲೆ. ನಾನು ಒತ್ತಿದೆ, ಒಳಗೆ ಹುಡುಗ ಉದ್ದನೆಯ ಸ್ಕ್ರೂಡ್ರೈವರಿನಿಂದ ನಾಲಗೆಯನ್ನು ಮೀಟಿದ. ಮೂರನೆಯ ಸಲಕ್ಕೆ ಒಣ ಅಡಿಕೆ ಒಡೆದಂಥ ಸದ್ದು. ಭುಜ ತೆಗೆದೆ. ಬಾಗಿಲು ಬೆರಳಗಲ ಹೊರಗೆ ಬಂದು ನಿಂತಿತು.

ಮುಂದಿನದು ಬೇಗ ಮುಗಿಯಿತು. ಮೂರು ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸು ತುಂಬಿದ್ದಾಯಿತು. ಅಂಗಡಿಯವರು ಪ್ಲಾಸ್ಟಿಕ್ ಕ್ಲಿಪ್ಪನ್ನು ಬಿಡಿಯಾಗಿ ಕೊಡುವುದಿಲ್ಲ, ಇಡೀ ಸೆಟ್ ಕೊಳ್ಳಬೇಕು ಎಂದರು. ಬೈಂಡಿಂಗ್ ವೈರಿನಲ್ಲಿ ಕಟ್ಟಿಬಿಡು ಎಂದು ತಮ್ಮ ಸೂಚಿಸಿದ. ಹುಡುಗ ಅವನನ್ನು ಒಂದು ನೋಟ ನೋಡಿ, ಗೋಡೆಗೆ ಒರಗಿದ್ದ ಗುಜರಿ ಬಾಗಿಲಿನಿಂದ ಕ್ಲಿಪ್ಪು ಕಿತ್ತು ಹಾಕಿದ. ಬಾಗಿಲನ್ನು ಮುಚ್ಚುವ ಮೊದಲು, ತೆರೆದಿರುವಾಗಲೇ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಎರಡು 'ಟಕ್' ಕೇಳಿಸಿಕೊಂಡು, ಹೊರಹಿಡಿ ಒಮ್ಮೆ, ಒಳಹಿಡಿ ಒಮ್ಮೆ ಎಳೆದು ಬಿಡಿಸಿ ನೋಡಿದ. ಹೀಗೆ ನೋಡದೆ ಮುಚ್ಚಿ, ಇಡೀ ಕೆಲಸವನ್ನು ಮೊದಲಿನಿಂದ ಮಾಡಿದ ಅನುಭವ ಅವನಿಗೆ ಇದ್ದಿರಬೇಕು.

ಎಫ್‌ಸಿ ಆಯಿತು. ಬಾಗಿಲು ಈಗ ಒಂದು ಬೆರಳಿಗೆ ತೆರೆಯುತ್ತದೆ. ಸಿಡಿದುಹೋದ ಲಾಳದ ಕ್ಲಿಪ್ಪು ಮಾತ್ರ ಸಿಗಲೇ ಇಲ್ಲ. ಗಾಜಿನ ತಿರುಗಣೆ ಎರಡು ಸುತ್ತಿಗೆ ಕೈಯಲ್ಲೇ ಬಂದುಬಿಡುವುದರಿಂದ ತಮ್ಮ ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಾನೆ. ಚೆಕ್‌ಪೋಸ್ಟಿನಲ್ಲಿ ಯಾರಾದರೂ ಗಾಜು ತಟ್ಟಿ ಕಾಗದ ಕೇಳಿದರೆ, ಅವನು ಅವರಿಗೆ ಒಂದು ಹೆಜ್ಜೆ ಹಿಂದೆ ಸರಿಯಲು ಸನ್ನೆ ಮಾಡಿ, ಬಾಗಿಲು ತೆರೆದು ಕೊಡುತ್ತಾನೆ.