ಒಂದು ಬರೆಯಲು ಪದವಿ ಸಾಲದು

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತ ಎಣಿಕೆ ಮುಗಿದ ಮರುದಿನ ಪತ್ರಿಕೆ ಬಿಡಿಸಿದರೆ ಸುದ್ದಿ ಎರಡೇ. ಗೆದ್ದವರು ಯಾರು, ಕುಲಗೆಟ್ಟ, ಅಂದರೆ ಅಸಿಂಧುವಾದ, ಮತಗಳು ಎಷ್ಟು. ಮೊದಲನೆಯದನ್ನು ನಾನು ಓದುವುದಿಲ್ಲ. ಎರಡನೆಯದನ್ನು ಕಾಫಿ ಆರುವವರೆಗೆ ಓದುತ್ತೇನೆ. ‘ಕುಲಗೆಟ್ಟ ಮತ’ ಎಂಬ ಮಾತೇ ನನಗೆ ಬಲು ಇಷ್ಟ. ಕುಲ ನೋಡಿ ಟಿಕೆಟ್ ಕೊಟ್ಟು, ಕುಲ ನೋಡಿ ಪ್ರಚಾರ ಮಾಡಿ, ಕುಲ ನೋಡಿಯೇ ಹಾಕಿಸಿಕೊಂಡ ಮತ ಪೆಟ್ಟಿಗೆಗೆ ಬೀಳುವಷ್ಟರಲ್ಲಿ ಕುಲಗೆಡುವುದಾದರೂ ಹೇಗೆ?

ಮತದಾರನಿಂದ ಕೇಳುವುದು ದೊಡ್ಡ ವಿದ್ಯೆಯೇನಲ್ಲ. ಬೇಕಾದವರ ಹೆಸರಿನ ಮುಂದೆ 1 ಎಂದು ಬರೆಯಬೇಕು. ಕನ್ನಡದ ೧ ಆದರೂ ಆದೀತು, ರೋಮನ್ ಗೀಟಾದರೂ ಆದೀತು. ಮನಸ್ಸಿದ್ದರೆ ಉಳಿದವರಿಗೆ 2, 3 ಎಂದು ಮುಂದುವರಿಸಬಹುದು, ಇಲ್ಲದಿದ್ದರೆ ಒಂದಕ್ಕೇ ಕೈಬಿಡಬಹುದು. ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೂ ಅವರೇ ಕೊಡುತ್ತಾರೆ. ನಮ್ಮ ಪದವೀಧರ ಅದನ್ನು ಬದಿಗಿಟ್ಟು ತನ್ನ ಜೇಬಿನ ಪೆನ್ನು ತೆಗೆಯುತ್ತಾನೆ. ಟಿಕ್ ಹಾಕುತ್ತಾನೆ. ಚೆಕ್ಕಿನ ಮೇಲೆ ಬರೆದಂತೆ ‘ಒಂದು’ ಎಂದು ಅಕ್ಷರದಲ್ಲಿ ಬರೆಯುತ್ತಾನೆ. ಇಬ್ಬರಿಗೂ 1 ಕೊಡುತ್ತಾನೆ, ಇಬ್ಬರೂ ಮನೆಗೆ ಬಂದು ಕೈಮುಗಿದಿದ್ದರಲ್ಲ! ಕೊನೆಗೆ ಗುಪ್ತ ಮತದಾನದ ಚೀಟಿಗೆ ಸಹಿ ಜಡಿದು ಹೊರಬರುತ್ತಾನೆ.

ಇದಕ್ಕೆಲ್ಲ ಸಂವಿಧಾನದ 171ನೇ ವಿಧಿಯಲ್ಲಿ ಅನುಪಾತ ಪ್ರಾತಿನಿಧ್ಯ ಎಂಬ ಘನವಾದ ಹೆಸರಿದೆ. ಪದವೀಧರ ಕ್ಷೇತ್ರದಲ್ಲಿರುವುದು ಒಂದೇ ಸ್ಥಾನ. ಪಂಕ್ತಿಗೆಲ್ಲ ಅನುಪಾತದಲ್ಲಿ ಬಡಿಸುತ್ತೇವೆಂದು ಸಾರಿ, ಇದ್ದ ಒಂದೇ ಹೋಳಿಗೆಯನ್ನು ಒಬ್ಬನ ಎಲೆಗೆ ಹಾಕಿದಂತೆ. ನಿಜವಾದ ಅನುಪಾತ ಇರುವುದು ಪರಿಷತ್ತಿಗೆ ಶಾಸಕರು ಆರಿಸುವ ಸ್ಥಾನಗಳಲ್ಲಿ. ಅಲ್ಲಿ ಒಂದೊಂದು ಮತಕ್ಕೂ 100ರ ಮೌಲ್ಯ. ಹನ್ನೊಂದು ಸ್ಥಾನಗಳಿಗೆ 224 ಶಾಸಕರೂ ಮತ ಹಾಕಿದರೆ ಗೆಲ್ಲಲು 1867 ಬೇಕು, ಅಂದರೆ ಹತ್ತೊಂಬತ್ತು ಮತ ಕೈಯಲ್ಲಿದ್ದರೆ ಸಾಕು. ಈ ಗಣಿತದಲ್ಲಿ ನಮ್ಮ ಪಕ್ಷಗಳು ಎಷ್ಟು ಪಳಗಿವೆಯೆಂದರೆ, 2024ರ ಜೂನ್‌ನಲ್ಲಿ ಹನ್ನೊಂದು ಸ್ಥಾನಕ್ಕೆ ಸರಿಯಾಗಿ ಹನ್ನೊಂದೇ ಜನರನ್ನು ಕಣದಲ್ಲಿ ಉಳಿಸಿ ಮತದಾನದ ತೊಂದರೆಯನ್ನೇ ತಪ್ಪಿಸಿದವು. 1 ಬರೆಯುವ ಕಷ್ಟವನ್ನು ಶಾಸಕರಿಗೆ ಕೊಡಬಾರದಲ್ಲ.

ನನ್ನ ಪದವಿಯ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಹಳಸುವ ಗುಣವಿದೆ. ಪದವೀಧರರ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುವುದರಿಂದ, ಪ್ರತಿ ಸಲವೂ ನಮೂನೆ 18 ತುಂಬಿ ನಾನು ಪದವೀಧರನೆಂದು ಸಾಬೀತುಪಡಿಸಬೇಕು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಿಂದ, ನುಸಿಗುಳಿಗೆಯ ವಾಸನೆ ಹೊಡೆಯುವ ಪ್ರಮಾಣಪತ್ರವನ್ನು ಎಳೆದು, ಜೆರಾಕ್ಸ್ ಮಾಡಿಸಿ, ದೃಢೀಕರಿಸಿಕೊಂಡು ಹೋದೆ. ಗುಮಾಸ್ತರು ತಲೆ ಎತ್ತಲಿಲ್ಲ.

“ಮೂಲ ಪ್ರತಿ?”

“ಕಳೆದ ಸಲವೇ ನೋಡಿದ್ದಿರಲ್ಲ ಸ್ವಾಮಿ.”

“ಅದು ಕಳೆದ ಸಲ.”

ತರ್ಕ ಸರಿಯಾಗಿತ್ತು. ಆರು ವರ್ಷದಲ್ಲಿ ಓದಿದ್ದೆಲ್ಲ ಮರೆತಿದ್ದೇನೆ, ಪದವಿ ಮಾತ್ರ ಉಳಿದಿರಲೇಬೇಕೆಂದು ಏನು ಖಾತರಿ? ಆದರೆ ನನ್ನಿಂದ ಇಷ್ಟೆಲ್ಲ ಕೇಳುವ ಕಾನೂನು, ಅದೇ ಕ್ಷೇತ್ರಕ್ಕೆ ನಿಲ್ಲುವವರಿಂದ ಪದವಿಯನ್ನು ಕೇಳುವುದಿಲ್ಲ. ಮೂವತ್ತು ತುಂಬಿದ್ದು, ರಾಜ್ಯದಲ್ಲಿ ಎಲ್ಲಾದರೂ ಮತದಾರರಾಗಿದ್ದರೆ ಆಯಿತು. ಶಿಕ್ಷಕರ ಕ್ಷೇತ್ರಕ್ಕೆ ಶಿಕ್ಷಕರೇ ನಿಲ್ಲಬೇಕೆಂದೂ ಇಲ್ಲ. ಚಿಂತಕರ ಚಾವಡಿಯೆನ್ನುವ ಪರಿಷತ್ತಿಗೆ ಹೋಗಲು ಚಿಂತೆ ಬೇಕೇ?

ಆ ಚಾವಡಿಯಲ್ಲಿ 2020ರ ಡಿಸೆಂಬರ್ 15ರಂದು ಉಪಸಭಾಪತಿಯನ್ನು ಪೀಠದಿಂದ ಎಳೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅದರ ಬಗ್ಗೆ ತಮಾಷೆ ಮಾಡಲು ಈಗಲೂ ನನಗೆ ಮನಸ್ಸು ಬರುವುದಿಲ್ಲ.

ಮತಗಟ್ಟೆ ಇದ್ದದ್ದು ಪ್ರಾಥಮಿಕ ಶಾಲೆಯಲ್ಲಿ, ಒಂದನೆಯ ತರಗತಿಯ ಕೋಣೆ. ಬೀಗ ತೆಗೆದು, ಕುಳ್ಳ ಬೆಂಚುಗಳನ್ನು ಗೋಡೆಗೆ ಸರಿಸಿಕೊಟ್ಟವರು ಅಲ್ಲಿನ ಅಕ್ಕೋರು. ಶಿಕ್ಷಕರ ತರಬೇತಿಯಾದ ಟಿಸಿಎಚ್ ಓದಿ ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ಪದವಿಯಿಲ್ಲದ ಕಾರಣ ಪದವೀಧರ ಕ್ಷೇತ್ರದಲ್ಲಿ ಅವರಿಗೆ ಮತವಿಲ್ಲ. ಪ್ರೌಢಶಾಲೆಗಿಂತ ಕೆಳಗೆ ಕಲಿಸುವ ಕಾರಣ ಶಿಕ್ಷಕರ ಕ್ಷೇತ್ರದಲ್ಲಿಯೂ ಇಲ್ಲ. ಊರಿನ ಅರ್ಧ ಪದವೀಧರರ ಕೈಹಿಡಿದು ಅಕ್ಷರ ತಿದ್ದಿಸಿದವರಿಗೆ ಈ ಮೇಲ್ಮನೆಯಲ್ಲಿ ಜಾಗವಿಲ್ಲ ಎನ್ನುವುದಕ್ಕೆ ನಾಚಿಕೆಯಾಗಬೇಕು. ಯಾರಿಗೂ ಆಗುವುದಿಲ್ಲ.

ಗೋಡೆಯ ಮೇಲೆ ಅವರೇ ಬರೆದ ಅಂಕಿಗಳ ಪಟ್ಟಿಯಿತ್ತು. ೧ರ ಪಕ್ಕದಲ್ಲಿ ಒಂದು ಮಾವಿನಹಣ್ಣು. ಅದರ ಕೆಳಗೆ ನಿಂತು, ನನ್ನ ಮುಂದಿನವರು ಅಧಿಕಾರಿಯನ್ನು ಕೇಳುತ್ತಿದ್ದರು: “ಸಾರ್, ಟಿಕ್ ಹಾಕಿದರೂ ನಡೆಯುತ್ತದೆ ತಾನೇ?”