ಆತ್ಮಕ್ಕೆ ತಕ್ಕಡಿ ಯಾಕ್ರೀ?

ಇವತ್ತು ಮಧ್ಯಾಹ್ನದ ಊಟ ಸೇರಲಿಲ್ಲ. ಗೋಧಿ ಹುಗ್ಗಿ ಚೆನ್ನಾಗೇ ಇತ್ತು, ತಪ್ಪು ಅಡುಗೆಯದಲ್ಲ. ಹಿರಿಯ ಸಂಬಂಧಿಕರೊಬ್ಬರು ತೀರಿಕೊಂಡಿದ್ದರು, ಅವರ ಶಿವಗಣಾರಾಧನೆ. ಮೈಕು ಹಿಡಿದವರೊಬ್ಬರು "ಆತ್ಮದ ತೂಕ 21 ಗ್ರಾಂ ಅಂತ ವಿಜ್ಞಾನಿಗಳೇ ಸಾಬೀತು ಮಾಡ್ಯಾರ" ಅಂದರು. ಮುಂದಿನ ಸಾಲಿನ ಕಾಕಾಗಳೆಲ್ಲ ತಲೆದೂಗಿದರು. ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಹೇಳಿ ಹೊಟ್ಟೆ ಹೊರೆಯುವವನು ನಾನು, ನಿಮಗೆಲ್ಲ ಗೊತ್ತಲ್ವಾ, ಮೈಯೆಲ್ಲ ಉರಿಯಿತು. ಹೊರಗೆ ಬೇರೆ ಕಲಬುರಗಿ ಬಿಸಿಲು.

ಆ 21 ಗ್ರಾಂ ಕಥೆ ಕೇಳಿ. ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಅನ್ನೋ ಡಾಕ್ಟರು 1907ರಲ್ಲಿ ಪ್ರಕಟಿಸಿದ್ದು. ಸಾವಿನಂಚಿನ 6 ಜನರನ್ನು ಮಂಚದ ಸಮೇತ ತೂಕಕ್ಕಿಟ್ಟ. ಸಾಯುವ ಗಳಿಗೆಯಲ್ಲಿ 21 ಗ್ರಾಂ ಕಮ್ಮಿಯಾದದ್ದು ಒಬ್ಬರದು ಮಾತ್ರ. ಇಬ್ಬರ ಲೆಕ್ಕ ಅವನೇ ಕೈಬಿಟ್ಟ, ಉಳಿದವರದು ಒಬ್ಬೊಬ್ಬರದು ಒಂದೊಂದು ತರ. ಆಮೇಲೆ 15 ನಾಯಿ ತೂಗಿದ, ತೂಕ ಕಮ್ಮಿಯಾಗಲಿಲ್ಲ, ಹಾಗಾಗಿ ನಾಯಿಗೆ ಆತ್ಮವೇ ಇಲ್ಲವಂತೆ! ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಲು ಬಂದ ರೈತ ಇಂಥ ತಕ್ಕಡಿ ಒಪ್ಪುತ್ತಾನಾ?

ನಂಬಿ, ಬೇಡ ಅಂದವರ್ಯಾರು? ಅದಕ್ಕೆ ವಿಜ್ಞಾನದ ಠಸ್ಸೆ ಯಾಕೆ ಬೇಕು ಅನ್ನೋದೇ ನನ್ನ ತಕರಾರು.

ಅಷ್ಟಕ್ಕೇ ನಿಲ್ಲಲಿಲ್ಲ. "ಬಿಗ್ ಬ್ಯಾಂಗ್ ನಮ್ಮವರು ಮೊದಲೇ ಹೇಳ್ಯಾರ" ಅಂತ ಇನ್ನೊಂದು. ಇವರು ಆಧಾರ ಅಂತ ಎತ್ತಿಕೊಳ್ಳುವ, ಸೃಷ್ಟಿಯ ಬಗ್ಗೆ ಇರುವ ಋಗ್ವೇದದ ನಾಸದೀಯ ಸೂಕ್ತ ಕೊನೆಗೆ ಏನನ್ನುತ್ತದೆ? ಇದೆಲ್ಲ ಎಲ್ಲಿಂದ ಬಂತೋ, ಮೇಲಿರುವವನಿಗೆ ಗೊತ್ತು, ಇಲ್ಲಾ ಅವನಿಗೂ ಗೊತ್ತಿಲ್ಲ ಅನ್ನುತ್ತದೆ. ಅಂಥ ಎದೆಗಾರಿಕೆಯ ಮಾತನ್ನು ಇವರು ಗೈಡ್ ಪುಸ್ತಕದ ಉತ್ತರ ಮಾಡಿಬಿಟ್ಟರು. ಇನ್ನು ಬಿಗ್ ಬ್ಯಾಂಗ್ ಕಥೆ. ವಿಶ್ವ ಒಂದು ಮೂಲ ಕಣದಿಂದ ಹಿಗ್ಗುತ್ತಾ ಬಂತು ಅಂತ 1931ರಲ್ಲಿ ಹೇಳಿದ ಬೆಲ್ಜಿಯಂನ ಭೌತವಿಜ್ಞಾನಿ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಇದನ್ನೇ ದೇವರ ಸೃಷ್ಟಿಗೆ ಸಾಕ್ಷಿ ಎನ್ನುವಂತೆ ಮಾತಾಡಿದಾಗ ಆ ಪಾದ್ರಿಗೇ ಹಿಡಿಸಲಿಲ್ಲ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಅಂತ ಇವತ್ತಿನ ಲೆಕ್ಕ. ನಾಳೆ ಹೊಸ ಅಳತೆ ಬಂದರೆ ವಿಜ್ಞಾನಿಗಳು ತಿದ್ದಿಕೊಳ್ಳುತ್ತಾರೆ, ಅದಕ್ಕೆ ಕಟ್ಟಿಹಾಕಿದ ನಿಮ್ಮ ದೇವರನ್ನೂ ತಿದ್ದುತ್ತೀರಾ?

"ದುಃಖದಾಗ ಇದ್ದೋರಿಗೆ ಸಮಾಧಾನ ಆಗ್ತದ, ನಿಮಗೇನ್ ಲುಕ್ಸಾನ್?" ಅಂದಳು ಮನೆಯಾಕೆ, ಗಾಡಿಯಲ್ಲಿ ಹಿಂದೆ ಕೂತು. ಸಮಾಧಾನ ಆಗಲಿ ಬಿಡಿ. ಆದರೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ನನ್ನ ಸ್ಟೂಡೆಂಟೇ "ಸರ್, ಇದು ಎಕ್ಸಾಮಿಗೆ ಬರ್ತದೇನ್ರಿ?" ಅಂತ ಕೇಳಿದ. ಲುಕ್ಸಾನ್ ಯಾರಿಗೆ ಹೇಳಿ.

ಇನ್ನೊಂದು ವಿಷಯ, ಇಲ್ಲಿ ಯಾರಿಗೂ ಹೇಳಿರಲಿಲ್ಲ. ಅವ್ವ ಹೋಗಿ ಮೂರು ವರ್ಷ ಆಯ್ತು. ದಿನಾ ಬೆಳಿಗ್ಗೆ ಮೊದಲ ಕಪ್ ಚಹಾ ಅವಳ ಫೋಟೋ ಮುಂದೆ ಇಡುತ್ತೇನೆ. ಅವಳು ಕುಡಿಯಲ್ಲ ಅಂತ ಗೊತ್ತು, ಸುಮ್ನೆ ಇಡುತ್ತೇನೆ, ಯಾವ ಲ್ಯಾಬಿನ ರಿಪೋರ್ಟೂ ಬೇಕು ಅನ್ನಿಸಿಲ್ಲ. ಆರಿದ ಮೇಲೆ ನಾನೇ ಕುಡಿಯುತ್ತೇನೆ. ಸಕ್ಕರೆ ಜಾಸ್ತಿ ಇರುತ್ತೆ, ಅವಳಿಗೆ ಬೇಕಾಗಿದ್ದಂತೆ.